ಕಿಡ್ನಿಯೂ ಅಡಮಾನವಾದಾಗ

ಕಿಡ್ನಿ ಮಾರಾಟವನ್ನು ಕಾನೂನುಬದ್ಧ ಮಾಡಿಬಿಡಿ ಎಂಬ ವಾದ ಆಗಾಗ ತಲೆ ಎತ್ತುತ್ತದೆ. ಡಯಾಲಿಸಿಸ್ ಮೇಲೆ ದಿನ ದೂಡುತ್ತಿರುವವರಿಗೆ ಕಿಡ್ನಿ, ಬಡವರಿಗೆ ದುಡ್ಡು. ಇರಾನ್ 1988ರಿಂದ ಹೀಗೇ ನಡೆಸುತ್ತಿಲ್ಲವೇ ಎನ್ನುತ್ತಾರೆ. ರೋಗಿಯ ಸಂಕಟ ಸುಳ್ಳಲ್ಲ. ಬಡವರು ಉದ್ಧಾರವಾಗುತ್ತಾರೆಂಬ ಮಾತು ಮಾತ್ರ ಶುದ್ಧ ಸುಳ್ಳು.

2001ರಲ್ಲಿ ಸಂಶೋಧಕರು ಚೆನ್ನೈಯಲ್ಲಿ ಕಿಡ್ನಿ ಮಾರಿದ 305 ಜನರನ್ನು ಮಾತನಾಡಿಸಿದರು. ಹೆಚ್ಚಿನವರು ಹೆಂಗಸರು. ನೂರಕ್ಕೆ 96 ಮಂದಿ ಮಾರಿದ್ದು ಸಾಲ ತೀರಿಸಲು. ದಲ್ಲಾಳಿಗಳೂ ಆಸ್ಪತ್ರೆಗಳೂ ಒಪ್ಪಿಕೊಂಡದ್ದು ಸರಾಸರಿ 1,410 ಡಾಲರ್, ಕೈಗೆ ಬಂದದ್ದು 1,070. ಆಮೇಲೇನಾಯಿತು? ಮುಕ್ಕಾಲು ಪಾಲು ಜನ ಇನ್ನೂ ಸಾಲದಲ್ಲೇ ಇದ್ದರು. ಮನೆಯ ವರಮಾನ ಮೂರನೇ ಒಂದು ಭಾಗದಷ್ಟು ಕುಸಿದಿತ್ತು. ಅರ್ಧದಷ್ಟು ಮಂದಿಗೆ ಕೊಯ್ದ ಜಾಗದ ನೋವು ಹೋಗಿರಲಿಲ್ಲ. ಕಲ್ಲುಮಣ್ಣು ಹೊತ್ತು, ತಳ್ಳುಗಾಡಿ ನೂಕಿ ಬದುಕುವವರಿಗೆ ಆ ನೋವೆಂದರೆ ತಪ್ಪಿದ ಕೂಲಿ.

ಕೊಳ್ಳುವವರು ಯಾರು? 1980ರ ದಶಕದಲ್ಲಿ ಯುಎಇ, ಒಮಾನ್‌ಗಳಿಂದ ರೋಗಿಗಳು ವಿಮಾನ ಹತ್ತಿ ಮುಂಬೈಗೆ ಬಂದು ಕಿಡ್ನಿ ಕೊಂಡು ಹೋದರು. ಬಡವರಿಂದ ಉಳ್ಳವರ ಕಡೆಗೆ: ಈ ವ್ಯಾಪಾರ ಹರಿಯುವ ದಿಕ್ಕೇ ಅದು.

ಇದಕ್ಕಿಂತ ಕೆಟ್ಟದ್ದನ್ನು ಮಾನವಶಾಸ್ತ್ರಜ್ಞ ಲಾರೆನ್ಸ್ ಕೋಹೆನ್ ತಮಿಳುನಾಡಿನಲ್ಲಿ ಗುರುತಿಸಿದರು. ಕಿಡ್ನಿ ಬಿಕರಿಯಾಗುವ ಕಡೆ ಸಾಲ ಕೊಟ್ಟವನ ವಸೂಲಿಯ ಬಿಗಿಯೂ ಹೆಚ್ಚುತ್ತದೆ. ಮಾರಲು ಇನ್ನೇನೋ ಇದೆಯೆಂದು ಅವನಿಗೆ ಗೊತ್ತು. ಒಬ್ಬಳು ಮಾರಿದರೆ ಪಕ್ಕದ ಮನೆಯವಳ ಒಡಲೂ ಅಡಮಾನದ ಲೆಕ್ಕಕ್ಕೆ ಬಂತು. ಮಾರಲೊಲ್ಲೆ ಎನ್ನುವ ಅವಳ ಹಕ್ಕನ್ನು ಮಾರುಕಟ್ಟೆಯೇ ಕಿತ್ತುಕೊಳ್ಳುತ್ತದೆ. ಅವರವರ ದೇಹ ಅವರವರ ಇಷ್ಟ ಎನ್ನುವವರು ಇದಕ್ಕೆ ಉತ್ತರಿಸಲಿ.

ಕರ್ನಾಟಕವೂ ಅಂಗೀಕರಿಸಿರುವ 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಮಾರಾಟ ನಿಷೇಧಿಸಿದ್ದು ಸರಿ. ಆದರೆ ಅದರ 19ನೇ ಸೆಕ್ಷನ್ ಹಣ ಕೊಟ್ಟವರನ್ನೂ ಪಡೆದವರನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ: 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿ ದಂಡ. ದಲ್ಲಾಳಿ ಮೋಸ ಮಾಡಿದನೆಂದು ಠಾಣೆ ಮೆಟ್ಟಿಲು ಹತ್ತಿದವಳು ಅಲ್ಲೇ ಆರೋಪಿಯಾಗಬಹುದು. ದಲ್ಲಾಳಿಗೆ ಇದಕ್ಕಿಂತ ದೊಡ್ಡ ಶ್ರೀರಕ್ಷೆ ಬೇಕೆ?

ನಿಷೇಧ ಇರಲಿ. ಗತಿಯಿಲ್ಲದೆ ಮಾರಿದವರನ್ನು ಶಿಕ್ಷೆಯಿಂದ ಹೊರಗಿಡಿ. ಅವರ ಹೇಳಿಕೆಯ ಬಲದಿಂದಲೇ ದಲ್ಲಾಳಿಯನ್ನೂ ಆಸ್ಪತ್ರೆಯನ್ನೂ ಹಿಡಿಯಿರಿ. ಸಂಬಂಧಿಯಲ್ಲದವರ ದಾನಕ್ಕೆ ಅನುಮತಿ ಕೊಡುವ ಸಮಿತಿಗಳು ಪ್ರೀತಿ-ವಾತ್ಸಲ್ಯದಿಂದ ಕೊಡುತ್ತಿದ್ದೇನೆಂಬ ಅಫಿಡವಿಟ್ಟಿಗೆ ಸಹಿ ಹಾಕುವ ಮೊದಲು ದಾನಿಗೆ ಯಾರ ಬಳಿ ಎಷ್ಟು ಸಾಲವಿದೆಯೆಂದು ಕೇಳಲಿ.