ಹಾಲು ನಮಗೆ, ಹಸಿವು ಮರಿಗೆ! ಇದು ಯಾವ ಸೀಮೆ ನ್ಯಾಯ?



ಮಟನ್ ಅಂಗಡಿ ಮುಂದೆ ಮೂಗು ಮುಚ್ಚಿಕೊಂಡು ಹೋಗುವವರು ನಿಮ್ಮಲ್ಲಿ ಎಷ್ಟೋ ಜನ ಇದ್ದೀರಿ. ಅದೇ ನೀವು ಪಿಜ್ಜಾ ಅಂಗಡಿಯಲ್ಲಿ ಕೂತು ಚೀಸ್ ಚಪ್ಪರಿಸುತ್ತೀರಿ. ಚೀಸ್ ಎಂದರೆ ಹಾಲು, ಹಾಲು ಎಂದರೆ ಶುದ್ಧ, ಅಲ್ಲಿಗೆ ಮಾತು ಮುಗಿಯಿತು!

ಮುಗಿಯಲಿಲ್ಲ ಸ್ವಾಮಿ. ಮರಿ ಹಾಕದೆ ಯಾವ ಕುರಿಯೂ ಹಾಲು ಕೊಡುವುದಿಲ್ಲ. ಹಾಲು ನಿಮ್ಮ ತಟ್ಟೆಗೆ ಬಂತು. ಮರಿ ಎಲ್ಲಿ ಹೋಯಿತು?

ಇಟಲಿಯ ಸಾರ್ಡಿನಿಯಾ ದ್ವೀಪವನ್ನೇ ನೋಡಿ. ಅಲ್ಲಿ ಜನರಿಗಿಂತ ಕುರಿಗಳೇ ಹೆಚ್ಚು. ಜಗತ್ತಿಗೆಲ್ಲ ಹೋಗುವ ಪೆಕೊರಿನೊ ರೊಮಾನೊ ಎಂಬ ಕುರಿಹಾಲಿನ ಚೀಸ್ ಬಹುಪಾಲು ತಯಾರಾಗುವುದು ಅಲ್ಲೇ. ಆ ಹಾಲನ್ನು ಹೆಪ್ಪುಗಟ್ಟಿಸುವ ರೆನ್ನೆಟ್ ಬರುವುದು ಎಲ್ಲಿಂದ ಗೊತ್ತೇ? ಹಾಲುಗುಡಿಯುವ ಕುರಿಮರಿಯ ಹೊಟ್ಟೆಯಿಂದ! ಹಿಂಡಿಗೆ ಬೇಕಾದ ಹೆಣ್ಣುಮರಿಗಳನ್ನು ಉಳಿಸಿಕೊಂಡು ಮಿಕ್ಕವನ್ನು ತಿಂಗಳ ಆಸುಪಾಸಿನಲ್ಲೇ ಮಾಂಸಕ್ಕೆ ಕಳಿಸುತ್ತಾರೆ. ಕ್ರಿಸ್‌ಮಸ್‌ಗೂ ಈಸ್ಟರ್‌ಗೂ ಅದೇ ಹಬ್ಬದೂಟ. ಆದರೂ ಅಲ್ಲಿ ಮರಿ ಇದ್ದಷ್ಟು ದಿನ ತಾಯಿಯ ಮೊಲೆ ಉಣ್ಣುತ್ತದೆ.

ಸ್ಪೇನ್, ಇಸ್ರೇಲ್‌ಗಳ ದೊಡ್ಡ ಡೈರಿಗಳಲ್ಲಿ ಅದೂ ಇಲ್ಲ. ಹುಟ್ಟಿದ ಒಂದೆರಡು ದಿನಕ್ಕೇ ಮರಿಯನ್ನು ಬೇರೆ ಮಾಡುತ್ತಾರೆ. ತಾಯಿಯ ಹಾಲು ಯಂತ್ರಕ್ಕೆ, ಮರಿಗೆ ನೀರಲ್ಲಿ ಕಲಸಿದ ಪುಡಿಹಾಲು.

ಪುಡಿಹಾಲು ಕುಡಿಸುವುದೇ ಪಾಪ ಎಂದು ನಾವು ಹೇಳುವುದಿಲ್ಲ. ಸರಿಯಾಗಿ ಸಾಕಿದರೆ ಮರಿ ಗಟ್ಟಿಯಾಗಿ ಬೆಳೆಯುತ್ತದೆ. ಸರಿಯಾಗಿ ಎಂದರೆ ಹೇಗೆ? ಹುಟ್ಟಿದ ಆರು ಗಂಟೆಯೊಳಗೆ ಗಿಣ್ಣುಹಾಲು ಹೊಟ್ಟೆಗೆ ಬೀಳಬೇಕು. ರೋಗ ತಡೆಯುವ ಶಕ್ತಿ ಕುರಿಮರಿಗೆ ಗರ್ಭದಲ್ಲಿ ಸಿಗುವುದಿಲ್ಲ, ಗಿಣ್ಣಿನಿಂದಲೇ ಸಿಗಬೇಕು. ಕುರಿಹಾಲಿನಲ್ಲಿ ಶೇ. 6-7ರಷ್ಟು ಕೊಬ್ಬಿರುತ್ತದೆ, ಹಸುವಿನ ಹಾಲಿನಲ್ಲಿ ಶೇ. 4ರಷ್ಟು ಮಾತ್ರ. ಆದ್ದರಿಂದ ಕುರಿಮರಿಗೆಂದೇ ಮಾಡಿದ ಪುಡಿ ಬೇಕು. ಹಸಿದ ಮರಿಗೆ ಒಂದೇ ಸಲ ಬೆಚ್ಚನೆ ಹಾಲು ಕಂಠಮಟ್ಟ ಕುಡಿಸಿದರೆ ಹೊಟ್ಟೆ ಉಬ್ಬಿ ಸಾಯುತ್ತದೆ, ಸ್ವಲ್ಪಸ್ವಲ್ಪವೇ ಕೊಡಬೇಕು. ಒಣಗಿದ ಹಾಸು ಬೇಕು, ಕುಡಿಯಲು ನೀರು ಬೇಕು. ಮೇವು ಮೆಲ್ಲಲು ಕಲಿತ ಮೇಲಷ್ಟೇ, ಐದಾರು ವಾರಕ್ಕೆ, ಹಾಲು ಬಿಡಿಸಬೇಕು. ಅಷ್ಟರೊಳಗೆ ಒಂದು ಮರಿ ಸುಮಾರು 10 ಕೆಜಿ ಪುಡಿ ಕುಡಿದಿರುತ್ತದೆ.

ಮೋಸ ಶುರುವಾಗುವುದು ಇಲ್ಲೇ! ತಾಯಿಯ ಹಾಲಿಗಿಂತ ಪುಡಿ ಅಗ್ಗವಾದರೆ ಮರಿಯನ್ನು ಮೊಲೆಯಿಂದ ಕೀಳುತ್ತಾರೆ. ಪುಡಿಯ ಖರ್ಚಿಗಿಂತ ಮರಿಯೇ ಅಗ್ಗವಾದರೆ ಮರಿಯನ್ನೇ ಕೈಬಿಡುತ್ತಾರೆ. ಗಿಣ್ಣು ತಪ್ಪುತ್ತದೆ, ಹಾಸು ಒದ್ದೆಯಾಗುತ್ತದೆ, ಪುಡಿಗೆ ನೀರು ಹೆಚ್ಚುತ್ತದೆ.

ಹಾಗಾದರೆ ಕುರಿಗಾರನೇ ಕಟುಕನೇ? ದುಡುಕಬೇಡಿ. 2019ರ ಫೆಬ್ರವರಿಯಲ್ಲಿ ಇದೇ ಸಾರ್ಡಿನಿಯಾದ ಕುರಿಗಾರರು ಕ್ಯಾನುಗಟ್ಟಲೆ ಹಾಲನ್ನು ರಸ್ತೆಗೆ ಸುರಿದರು. ಆಗ ಅವರಿಗೆ ಸಿಗುತ್ತಿದ್ದದ್ದು ಲೀಟರಿಗೆ ಸುಮಾರು 60 ಸೆಂಟ್, ಅವರು ಕೇಳಿದ್ದು ಒಂದು ಯೂರೋ. ತನ್ನ ಹಾಲಿಗೇ ಬೆಲೆ ಕಾಣದವನು ಮರಿಗೆ ಪುಡಿ ಎಲ್ಲಿಂದ ತಂದಾನು? ಅಗ್ಗದ ಚೀಸ್ ಬೇಕೆಂದು ಹಟ ಹಿಡಿದವರು ಯಾರು? ಕನ್ನಡಿ ನೋಡಿಕೊಳ್ಳಿ!

‘ಅದು ಯುರೋಪಿನ ಕಥೆ, ನಮ್ಮಲ್ಲಿ ಕುರಿಹಾಲಿನ ಡೈರಿ ಎಲ್ಲಿದೆ?’ ಎಂದು ಕೈ ತೊಳೆದುಕೊಳ್ಳಬೇಡಿ. ನಮ್ಮ ಎಮ್ಮೆಯ ಗಂಡುಕರು ಏನಾಗುತ್ತದೆ? ಹಾಲು ಇಳಿಯಲಿ ಎಂದು ಎರಡು ಗುಟುಕು ಕುಡಿಸಿ, ಎಳೆದು ಗೂಟಕ್ಕೆ ಕಟ್ಟುವವರು ಎಷ್ಟು ಜನ! ಕರು ಎಲುಬಿನ ಗೂಡಾಗಿ ಒಂದು ದಿನ ಕಣ್ಣು ಮುಚ್ಚುತ್ತದೆ. ಅದರ ಪಾಲಿನ ಗಿಣ್ಣಿಗೆ ಬೆಲ್ಲ, ಏಲಕ್ಕಿ ಹಾಕಿ ತಿಂದವರು ನಾವೇ ಅಲ್ಲವೇ?

ಚೀಸ್ ಬಿಡಿ, ಹಾಲು ಬಿಡಿ ಎಂಬ ಉಪದೇಶ ನಮ್ಮದಲ್ಲ. ಮಾಂಸ ತಿನ್ನುವವನು ಕೀಳು, ಹಾಲು ಕುಡಿಯುವವನು ಮೇಲು ಎಂಬ ಸೋಗು ಮಾತ್ರ ಸಾಕು. ಎರಡೂ ಒಂದೇ ಕೊಟ್ಟಿಗೆಯಿಂದ ಬಂದವು. ಮಾಂಸಕ್ಕೆ ಹೋಗುವ ಮರಿಯಾದರೂ ಇರುವಷ್ಟು ದಿನ ಹೊಟ್ಟೆ ತುಂಬ ಉಂಡು, ಬೆಚ್ಚಗೆ ಮಲಗಲಿ. ಹಾಲು ಕುಡಿಯುವವರೆಲ್ಲ ಅದರ ಖರ್ಚು ಹೊರಲಿ, ಸಾಕಿದವನಿಗೆ ನ್ಯಾಯವಾದ ಬೆಲೆ ಕೊಡಲಿ.

ಮುಂದಿನ ಸಲ ಹಾಲಿಗೆ ಎರಡು ರೂಪಾಯಿ ಏರಿತೆಂದು ಬೊಬ್ಬೆ ಹೊಡೆಯುವ ಮುನ್ನ ಕೇಳಿ: ಮರಿಯ ಪಾಲು ಎಲ್ಲಿ?