ಸಕ್ಕರೆ ಬಿಡೋಣ, ರೊಟ್ಟಿ ಬಿಡೆವು



ನಮ್ಮ ಯಳವಿ ನಿಮ್ಮ ತೋಟಗಳಿಂದ ಬಹು ದೂರ. ಸಾಂಗಲಿ ಜಿಲ್ಲೆಯ ಜತ್ತ ತಾಲೂಕೆಂದರೆ ಬರಗಾಲದ ಸೀಮೆ. ನಿಮ್ಮ ಮಳೆ ಇಲ್ಲಿಲ್ಲ, ನಿಮ್ಮ ನೆರಳೂ ಇಲ್ಲ. ಹಿಂಗಾರಿ ಬಿಳಿಜೋಳ ಕೈಗೆ ಬಂದರೆ ಆ ವರ್ಷ ಗೆದ್ದಂತೆ. ದೀಪಾವಳಿಯ ಹೊತ್ತಿಗೆ ಈ ತಾಲೂಕಿನ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಗಂಡ ಹೆಂಡತಿ ಕೂಡಿ ಕಬ್ಬು ಕಡಿಯಲು ಕಾರ್ಖಾನೆಗಳ ಸೀಮೆಗೆ ಹೊರಡುತ್ತಾರೆ. ಆದರೂ ನಿಮಗೂ ನಮಗೂ ಒಂದೇ ಬಟ್ಟಲಿನ ನಂಟು ಇದೆ. ಚಹಾ ಸೊಪ್ಪನ್ನೂ ಕಾಫಿ ಹಣ್ಣನ್ನೂ ಕೀಳುವವರು ನೀವು. ಅದಕ್ಕೆ ಬೀಳುವ ಸಕ್ಕರೆಯ ಕಬ್ಬು ಕಡಿಯುವವರು ನಾವು. ಉಳ್ಳವರಿಗೆ ಆ ಬಟ್ಟಲು ಊಟವಾದ ಮೇಲಿನ ಸುಖ. ನಮಗೂ ನಿಮಗೂ ಎಷ್ಟೋ ದಿನ ಅದೇ ಊಟ.

ಆದ್ದರಿಂದಲೇ ಸಕ್ಕರೆಯ ವಿಷಯವಾಗಿ ನಿಮ್ಮೊಡನೆ ಎರಡು ಮಾತು ಆಡಬೇಕೆನಿಸಿತು.

ಈಗ ಪಟ್ಟಣಗಳಲ್ಲಿ ಒಂದು ಹೊಸ ಉಪದೇಶ ನಡೆದಿದೆ. ಶಿಲಾಯುಗದ ಮನುಷ್ಯನಂತೆ ಉಣ್ಣಬೇಕಂತೆ. ಇದಕ್ಕೆ ಪೇಲಿಯೋ ಎಂದು ಹೆಸರು. ಸಕ್ಕರೆ ಬೇಡ, ಮೈದಾ ಬೇಡ. ಅಷ್ಟಕ್ಕೇ ನಿಲ್ಲದೆ ಅಕ್ಕಿ, ಗೋಧಿ, ಜೋಳ ಬೇಡ, ಬೇಳೆಕಾಳು ಬೇಡ, ಹಾಲೂ ಬೇಡ. ಮಾಂಸ, ಮೀನು, ಮೊಟ್ಟೆ, ಕಾಯಿಪಲ್ಯ, ಹಣ್ಣು, ಬಾದಾಮಿ ತಿನ್ನಿ ಎನ್ನುತ್ತಾರೆ. ಅಮೇರಿಕೆಯ ಈಟನ್ ಮತ್ತು ಕಾನ್ನರ್ ಎಂಬಿಬ್ಬರು 1985ರಲ್ಲಿ ಒಂದು ವೈದ್ಯ ಪತ್ರಿಕೆಯಲ್ಲಿ ಈ ವಿಚಾರ ಬರೆದರು. 2002ರಲ್ಲಿ ಲೋರೆನ್ ಕಾರ್ಡೇನ್ ಎಂಬ ಪ್ರಾಧ್ಯಾಪಕರು ಪುಸ್ತಕ ಬರೆದ ಮೇಲೆ ಅದು ದೇಶದೇಶಕ್ಕೆ ಹರಡಿತು. ಹರಡುತ್ತ ಹರಡುತ್ತ ನಮ್ಮ ಕಬ್ಬಿನ ಗದ್ದೆಗೂ ಬಂತು.

ಬಂದದ್ದು ಹೀಗೆ. ನಮ್ಮ ಗ್ಯಾಂಗಿನ ಒಬ್ಬ ಕಾಕುಗೆ ಸಕ್ಕರೆ ಕಾಯಿಲೆ. ದಿನಾ ಗುಳಿಗೆ ನುಂಗುವವಳು. ಪಟ್ಟಣದಲ್ಲಿ ಕೆಲಸಕ್ಕಿರುವ ಮಗ ತಾಯಿಯ ಮೇಲಿನ ಪ್ರೀತಿಯಿಂದ ಯಾರೋ ಅಚ್ಚು ಹಾಕಿಸಿ ಹಂಚಿದ್ದ ಒಂದು ಚೀಟಿ ತಂದುಕೊಟ್ಟ. ರೊಟ್ಟಿ, ಅನ್ನ, ಕಾಳು ಎಲ್ಲಕ್ಕೂ ಅದರಲ್ಲಿ ಕೆಂಪು ಗೆರೆ. ಕಾಕು ರೊಟ್ಟಿ ಬಿಟ್ಟಳು. ಗುಳಿಗೆ ಬಿಡಲಿಲ್ಲ, ಚೀಟಿಯಲ್ಲಿ ಗುಳಿಗೆಯ ಮಾತೇ ಇರಲಿಲ್ಲ. ಬೆಳಿಗ್ಗೆ ಒಂದು ಮೊಟ್ಟೆ ತಿಂದು ಕೊಯ್ತಾ ಹಿಡಿದಳು. ನಾಲ್ಕನೆಯ ದಿನ ಹೊತ್ತು ನೆತ್ತಿಗೇರುವ ಮುಂಚೆಯೇ ಮೈ ಬೆವರಿ, ಕೈ ನಡುಗಿ, ಕಬ್ಬಿನ ಸಾಲಿನಲ್ಲೇ ಕುಸಿದಳು. ನೆರೆಯವಳು ಒಬ್ಬಳು ಜಾಣೆ. ಚಹಾದ ಡಬ್ಬಿಯಿಂದ ಸಕ್ಕರೆ ತಂದು ನೀರಲ್ಲಿ ಕದಡಿ ಗುಟುಕು ಗುಟುಕಾಗಿ ಕುಡಿಸಿದಳು. ಕಾಕು ಚೇತರಿಸಿಕೊಂಡಳು. ದವಾಖಾನೆಯಲ್ಲಿ ತಿಳಿದದ್ದು ಇಷ್ಟು: ಗುಳಿಗೆಯ ಬಲ ಹಾಗೇ ಇತ್ತು, ಅದಕ್ಕೆ ತಕ್ಕ ಊಟ ಹೊಟ್ಟೆಯಲ್ಲಿರಲಿಲ್ಲ, ಅದರ ಮೇಲೆ ಮೈಮುರಿಯುವ ದುಡಿಮೆ; ರಕ್ತದ ಸಕ್ಕರೆ ಇಳಿದುಹೋಗಿತ್ತು.

ನಾವು ನೋಡಲು ಹೋದಾಗ ಆಕೆ ಅಂದದ್ದು: “ಏ ತಮ್ಮಾ, ಆ ಚೀಟಿ ಬರದಾಂವ ಒಂದ್ ದಿನಾ ನನ್ನ ಸಂಗಾಟ ಕೊಯ್ತಾ ಹಿಡದ ನೋಡ್ಲಿ. ಆ ಮ್ಯಾಲ ರೊಟ್ಟಿ ಬಿಡು ಅನ್ಲಿ.”

ಈ ಮಾತಿಗೆ ಉತ್ತರ ಕೊಡಬೇಕಾದವರು ಯಾರು?

ಮೊದಲು ನ್ಯಾಯದ ಮಾತು ಹೇಳಿಬಿಡುತ್ತೇವೆ. ಆ ಚೀಟಿಯಲ್ಲಿ ಇದ್ದುದೆಲ್ಲ ಸುಳ್ಳಲ್ಲ. ಸಕ್ಕರೆ, ಮೈದಾ ಕಡಿಮೆ ಮಾಡಿ ಎಂಬುದು ನಿಜವಾದ ಮಾತು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಇದು ಉಳ್ಳವರ ರೋಗ, ಮೈಮುರಿದು ದುಡಿಯುವವರಿಗೆ ಬಾರದು ಎಂದು ನಾವೂ ನಂಬಿದ್ದೆವು. ಆ ಕಾಲ ಹೋಯಿತು.

ನಮ್ಮ ಲೆಕ್ಕವನ್ನೇ ನೋಡೋಣ. ದಿನಕ್ಕೆ ಐದು ಬಟ್ಟಲು ಚಹಾ, ಬಟ್ಟಲಿಗೆ ಎರಡು ಚಮಚ ಸಕ್ಕರೆ, ಚಮಚಕ್ಕೆ ಸುಮಾರು 5 ಗ್ರಾಂ. ದಿನಕ್ಕೆ 50 ಗ್ರಾಂ ಆಯಿತು. ಒಬ್ಬರಿಗೆ ತಿಂಗಳಿಗೆ ಒಂದೂವರೆ ಕಿಲೋ. ನಾಲ್ವರ ಮನೆಗೆ ಆರು ಕಿಲೋ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದೇನು? ಹೀಗೆ ಸೇರಿಸಿ ತಿನ್ನುವ ಸಕ್ಕರೆ ದಿನಕ್ಕೆ 25 ಗ್ರಾಂ ಸುತ್ತಮುತ್ತ ಇದ್ದರೆ ಲೇಸು, 50ರ ಆಚೆ ಹೋಗಲೇಬಾರದು ಎಂದು. ನಾವು ಬರೀ ಚಹಾದಲ್ಲೇ ಗಡಿ ಮುಟ್ಟಿದ್ದೇವೆ. ಚಹಾದಲ್ಲಿ ಅದ್ದುವ ಬಿಸ್ಕಿಟು, ಖಾರಿ, ಟೋಸ್ಟು ಬೇರೆ. ಸಕ್ಕರೆ ಕಿಲೋಕ್ಕೆ 45 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 270 ರೂಪಾಯಿ ಕರಗಿಹೋಯಿತು. ಅದೇ ಹಣದಲ್ಲಿ ಮಕ್ಕಳಿಗೆ ಎರಡು ಕಿಲೋ ಮಡಕಿಯೋ ಹುರುಳಿಯೋ ಬರುತ್ತದೆ.

ಬೆಲ್ಲ ತಿಂದರೆ ದೋಷವಿಲ್ಲ ಎನ್ನುವವರು ನಮ್ಮಲ್ಲಿ ಬಹಳ. ಕಾಯಿಲೆಯವರಿಗೆ ಬೆಲ್ಲವೂ ಸಕ್ಕರೆಯೇ. ಅಣ್ಣತಮ್ಮಂದಿರಲ್ಲಿ ಒಬ್ಬ ಬೆಳ್ಳಗಿದ್ದಾನೆ, ಒಬ್ಬ ಕಪ್ಪಗಿದ್ದಾನೆ, ಅಷ್ಟೆ.

ಇಷ್ಟನ್ನು ಒಪ್ಪಿದೆವು. ಆದರೆ ಸಕ್ಕರೆಯ ಸಾಲಿನಲ್ಲಿ ಜೋಳವನ್ನೂ ಕಾಳನ್ನೂ ನಿಲ್ಲಿಸಿ ಎಲ್ಲಕ್ಕೂ ಒಂದೇ ಶಿಕ್ಷೆ ಕೊಡುವುದನ್ನು ನಾವು ಒಪ್ಪುವುದಿಲ್ಲ.

ಶಿಲಾಯುಗದವರು ಧಾನ್ಯ ಮುಟ್ಟಲೇ ಇಲ್ಲ ಎಂದು ಇವರಿಗೆ ಹೇಳಿದವರಾರು? ಆಫ್ರಿಕದ ಮೊಜಾಂಬಿಕ್ ದೇಶದ ಒಂದು ಗವಿಯಲ್ಲಿ ಸುಮಾರು ಒಂದು ಲಕ್ಷ ವರ್ಷ ಹಿಂದಿನ ಕಲ್ಲಿನ ಸಲಕರಣೆಗಳ ಮೇಲೆ ಕಾಡುಜೋಳದ ಹಿಟ್ಟಿನ ಕಣಗಳು ಸಿಕ್ಕವೆಂದು 2009ರಲ್ಲಿ ವಿಜ್ಞಾನಿಗಳೇ ಪ್ರಕಟಿಸಿದ್ದಾರೆ. ನಮ್ಮ ಜೋಳದ ತವರೂ ಆ ಆಫ್ರಿಕವೇ. ಅಷ್ಟು ದೂರವೇಕೆ, ಬಳ್ಳಾರಿ ಸೀಮೆಯ ಸಂಗನಕಲ್ಲು, ತೆಕ್ಕಲಕೋಟೆಗಳಲ್ಲಿ ನಾಲ್ಕು ಸಾವಿರ ವರ್ಷ ಹಿಂದೆ ಕಲ್ಲುಕೊಡಲಿ ಹಿಡಿದು ಬಾಳಿದವರು ಸಣ್ಣ ಸಿರಿಧಾನ್ಯ, ಹುರುಳಿ, ಹೆಸರು ಬೆಳೆದು ತಿನ್ನುತ್ತಿದ್ದರು. ಅದು ಕಲ್ಲಿನ ಯುಗದ ಕೊನೆಯ ಕಾಲ, ನಿಜ. ಆದರೆ ಈ ನೆಲದಲ್ಲಿ ಬೇಸಾಯವೆಂಬುದು ಶುರುವಾದದ್ದೇ ಕಾಳಿನೊಂದಿಗೆ. ಆ ಹುರುಳಿಯನ್ನು ಇಂದು ಯಾವನೋ ಕೆಂಪು ಗೆರೆಯಿಂದ ಹೊಡೆದುಹಾಕಬೇಕೇ?

ಜೋಳದ ಗುಣವನ್ನು ತೂಗಿ ನೋಡಿದವರಿದ್ದಾರೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2017ರ ಪಟ್ಟಿಯ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, 10 ಗ್ರಾಂ ನಾರು ಇದೆ. ಪಾಲಿಶ್ ಅಕ್ಕಿಯಲ್ಲಿ ಪ್ರೋಟೀನು 8 ಗ್ರಾಂ, ನಾರು 3 ಗ್ರಾಂ ಕೂಡ ಇಲ್ಲ. ನಾರು ಹೆಚ್ಚಿದ್ದರೆ ಹೊಟ್ಟೆ ಬಹಳ ಹೊತ್ತು ತಡೆಯುತ್ತದೆ ಎಂಬುದಕ್ಕೆ ಪುಸ್ತಕ ಬೇಡ. ಎರಡು ಜೋಳದ ರೊಟ್ಟಿ ತಿಂದು ಹೊಲಕ್ಕೆ ಹೋದವನನ್ನು ಕೇಳಿದರೆ ಸಾಕು.

ಇನ್ನು ಖರ್ಚಿನ ಮಾತು. 2024ರ ಜನವರಿಯಲ್ಲಿ ಮಹಾರಾಷ್ಟ್ರದಲ್ಲಿ ಕಬ್ಬು ಕಟಾವಿನ ಕೂಲಿ ಶೇಕಡಾ 34 ಏರಿ ಟನ್ನಿಗೆ ಸುಮಾರು 366 ರೂಪಾಯಿ ಆಯಿತು. ಗಂಡ ಹೆಂಡತಿ ಒಂದು ಜೋಡಿ ಕತ್ತಲಲ್ಲೇ ಎದ್ದು ಕಡಿದರೆ ದಿನಕ್ಕೆ ಒಂದೂವರೆ, ಬಹಳವಾದರೆ ಎರಡು ಟನ್ನು. ಎರಡು ಜೀವದ ದುಡಿಮೆ ಎಲ್ಲ ಕೂಡಿ 730 ರೂಪಾಯಿ. ಅದರಲ್ಲೂ ಮುಕಾದಮನ ಮುಂಗಡ ಮುರಿಯಬೇಕು. ಆಡಿನ ಮಾಂಸ ಒಂದು ಕಿಲೋ ತಂದರೆ ಆ ದಿನ ಮುಗಿಯಿತು. ತೋಟದ ಕೂಲಿಯಲ್ಲಿ ನಿಮ್ಮ ಲೆಕ್ಕವೂ ಇದಕ್ಕಿಂತ ಬಹಳ ಬೇರೆಯಾಗಿರಲಾರದು. ಬಾದಾಮಿಯ ಬೆಲೆ ಕೇಳುವುದೇ ಬೇಡ. ಮೊಟ್ಟೆ, ಮೀನು, ಮಾಂಸ ಸಿಕ್ಕ ದಿನ ಸಂತೋಷದಿಂದ ಉಣ್ಣೋಣ. ಅವು ಬೇಡವೆಂದು ನಾವು ಹೇಳುತ್ತಿಲ್ಲ. ಮಕ್ಕಳಿಗಂತೂ ಮೊಟ್ಟೆ ಬೇಕೇ ಬೇಕು. ಆದರೆ ರೊಟ್ಟಿಯ ಜಾಗದಲ್ಲಿ ಅವನ್ನು ಇಡು ಎಂದು ಕೂಲಿಯವನಿಗೆ ಹೇಳುವುದು ಉಪದೇಶವಲ್ಲ, ಅಣಕ.

ನಮ್ಮವರ ತಪ್ಪನ್ನೂ ಮುಚ್ಚಿಡುವುದಿಲ್ಲ. ರೊಟ್ಟಿಯೊಂದಿದ್ದರೆ ಎಲ್ಲ ಇದ್ದಂತೆ ಎಂದು ಐದಾರು ರೊಟ್ಟಿಯನ್ನು ಬರೀ ಖಾರದ ಪುಡಿಯಲ್ಲಿ ತಿನ್ನುವುದು ನಮ್ಮ ರೂಢಿ. ಇದೂ ಸರಿಯಲ್ಲ. 2025ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ಭಾರತೀಯರ ಶಕ್ತಿಯಲ್ಲಿ ಶೇಕಡಾ 62ರಷ್ಟು ಪಾಲು ಪಿಷ್ಟ, ಸಕ್ಕರೆಗಳಿಂದಲೇ ಬರುತ್ತದೆ. ಬಿಳಿ ಅಕ್ಕಿಯ ಬದಲು ಅಷ್ಟೇ ಪ್ರಮಾಣದ ಸಿರಿಧಾನ್ಯ ತಿಂದ ಮಾತ್ರಕ್ಕೆ ಕಾಯಿಲೆಯ ಭಯ ಕಡಿಮೆಯಾಗುವುದು ಕಂಡುಬರಲಿಲ್ಲ. ಧಾನ್ಯದ ಒಂದು ಪಾಲನ್ನು ಇಳಿಸಿ ಅಲ್ಲಿ ಬೇಳೆಕಾಳು, ಹಾಲು ಮೊಸರುಗಳ ಪ್ರೋಟೀನು ತುಂಬಿದರೆ ಭಯ ಕಡಿಮೆ ಎಂದು ಕಂಡುಬಂತು. ಗಮನಿಸಿರಿ: ಪೇಲಿಯೋದವರು ಬೇಡವೆಂದ ಕಾಳನ್ನೇ, ಹಾಲನ್ನೇ ನಮ್ಮ ದೇಶದ ಅಧ್ಯಯನ ಬೇಕೆನ್ನುತ್ತದೆ. ರೊಟ್ಟಿ ಒಂದು ಕಡಿಮೆಯಾಗಲಿ, ಉಸಳಿ ಒಂದು ಬಟ್ಟಲು ಹೆಚ್ಚಾಗಲಿ. ಪುಂಡಿಪಲ್ಯ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಮಜ್ಜಿಗೆ, ಜುಣಕ ಇವೆಲ್ಲ ನಮ್ಮ ಅಜ್ಜಿಯರು ಬಿಟ್ಟುಹೋದ ಆಸ್ತಿ. ತೋಟದ ಕಡೆ ರಾಗಿಯೂ ಹುರುಳಿಯೂ ನಿಮ್ಮ ಆಸ್ತಿ. ಆಸ್ತಿ ಮಾರಿ ಬಿಸ್ಕಿಟ್ ಕೊಂಡವರು ನಾವೇ.

ಆದರೆ ಏಕೆ ಕೊಂಡೆವು? ಇಲ್ಲಿಯೇ ಮಾತಿನ ಗಂಟು ಇದೆ. ಕಟಾವಿಗೆ ಹೋದ ಹೆಣ್ಣುಮಗಳು ರಾತ್ರಿ ಮೂರಕ್ಕೆ ಎದ್ದರೆ ಮಾತ್ರ ರೊಟ್ಟಿ ಬಡಿಯಲಾದೀತು. ಹಿಂದಿನ ರಾತ್ರಿ ಗಾಡಿ ತುಂಬಿ ಮಲಗುವಾಗಲೇ ಹನ್ನೊಂದಾಗಿರುತ್ತದೆ. ಆಕೆ ರೊಟ್ಟಿ ಬಿಟ್ಟು ಚಹಾ ಕಾಸಿದರೆ ಅದು ಬಾಯಿ ಚಪಲವೇ? ಸಕ್ಕರೆ ಅಗ್ಗ, ಬೇಗ ಆಗುತ್ತದೆ, ಹಸಿವನ್ನು ಒಂದು ಗಂಟೆ ಸುಮ್ಮನಿರಿಸುತ್ತದೆ. ಮಾಲೀಕನಿಗೂ ಮುಕಾದಮನಿಗೂ ಇದು ಅನುಕೂಲ: ಊಟಕ್ಕೆ ಅರ್ಧ ಗಂಟೆ ಬೇಕು, ಚಹಾಕ್ಕೆ ಐದು ನಿಮಿಷ. ಬಿಡುವು ಕಿತ್ತುಕೊಂಡು ಸಿಹಿ ಕುಡಿಸಿದವರನ್ನು ಬಿಟ್ಟು, ಕುಡಿದವಳ ನಾಲಿಗೆಯನ್ನು ದೂರುವ ನ್ಯಾಯ ಯಾವ ಊರಿನದು?

ಸಕ್ಕರೆ ಬಿಡುವುದು ಲೋಕಕ್ಕೆ ಹೊಸದೂ ಅಲ್ಲ. 1791ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಗುಲಾಮರ ವ್ಯಾಪಾರ ನಿಲ್ಲಿಸುವ ಮಸೂದೆಯನ್ನು ತಳ್ಳಿಹಾಕಿತು. ಆಗ ಅಲ್ಲಿಯ ಸಾಮಾನ್ಯ ಕುಟುಂಬಗಳು, ಅವರಲ್ಲಿ ಬಹು ಮಂದಿ ಕ್ರೈಸ್ತ ಹೆಣ್ಣುಮಕ್ಕಳು, ವೆಸ್ಟ್ ಇಂಡೀಸಿನ ಸಕ್ಕರೆಯನ್ನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲವೆಂದು ನಿಂತರು. ಸುಮಾರು 3 ಲಕ್ಷ ಜನ ಹಾಗೆ ಬಿಟ್ಟರೆಂದು ಥಾಮಸ್ ಕ್ಲಾರ್ಕ್‌ಸನ್ ಅಂದಾಜು ಮಾಡಿದ್ದರು. ಗುಲಾಮರ ವ್ಯಾಪಾರ ನಿಷೇಧವಾದದ್ದು 1807ರಲ್ಲಿ, ಬ್ರಿಟಿಷ್ ವಸಾಹತುಗಳ ಗುಲಾಮಗಿರಿ ರದ್ದತಿಗೆ ಕಾನೂನಾದದ್ದು 1833ರಲ್ಲಿ. ಅಂದು ಸಕ್ಕರೆ ಬಿಟ್ಟವರು ಕಬ್ಬು ಕಡಿಯುವವನ ಬೆನ್ನನ್ನು ನೆನೆದು ಬಿಟ್ಟರು. ಇಂದು ಬಿಡುವವರು ತಮ್ಮ ಸೊಂಟದ ಸುತ್ತಳತೆ ನೋಡಿ ಬಿಡುತ್ತಾರೆ. ಬಿಡಲಿ, ಒಳ್ಳೆಯದೇ. ಆದರೆ ಕೊಯ್ತಾ ಹಿಡಿದವಳ ಹೊಟ್ಟೆಯನ್ನೂ ಒಂದು ಗಳಿಗೆ ನೆನೆಯಲಿ.

ನಾವು ಮಾಡಬೇಕಾದ್ದು ಏನು?

ಮೊದಲು ನಮ್ಮ ಮನೆ. ಚಹಾದ ಸಕ್ಕರೆಯನ್ನು ವಾರಕ್ಕೆ ಅರ್ಧ ಚಮಚದಂತೆ ಇಳಿಸೋಣ. ನಾಲಿಗೆ ಒಂದು ತಿಂಗಳಲ್ಲಿ ಒಗ್ಗುತ್ತದೆ. ಮಕ್ಕಳ ಕೈಗೆ ಬಿಸ್ಕಿಟಿನ ಬದಲು ಹುರಿದ ಶೇಂಗಾ, ಪುಟಾಣಿ ಕೊಡೋಣ. ತಪಸ್ಸುಕಾಲದಲ್ಲಿ ಮಾಂಸ ಬಿಡುವ ನಾವು ಸಕ್ಕರೆಯನ್ನೂ ಬಿಟ್ಟು ನೋಡಬಹುದು. ಅರಸನ ಮೇಜಿನ ಭೋಜನ ಬೇಡವೆಂದು ಹತ್ತು ದಿನ ಕಾಯಿಪಲ್ಯ ತಿಂದು ನೀರು ಕುಡಿದ ದಾನಿಯೇಲನ ಕಥೆ ನಮ್ಮ ಮಕ್ಕಳಿಗೂ ಗೊತ್ತಿದೆ.

ಗುಳಿಗೆ ನುಂಗುವವರು, ಸೂಜಿ ಚುಚ್ಚಿಸಿಕೊಳ್ಳುವವರು ಮಾತ್ರ ಡಾಕ್ಟರರನ್ನೋ ನರ್ಸಮ್ಮನನ್ನೋ ಕೇಳದೆ ಊಟ ಬದಲಿಸಕೂಡದು, ರೊಟ್ಟಿ ಅನ್ನ ಒಮ್ಮೆಲೇ ಬಿಡಕೂಡದು. ಕೆಲಸಕ್ಕೆ ಹೋಗುವಾಗ ಸೆರಗಿನಲ್ಲೋ ಜೇಬಿನಲ್ಲೋ ಒಂದು ಪುಡಿಕೆ ಸಕ್ಕರೆ ಇರಲಿ. ಮೈ ಬೆವರಿ ಕೈ ನಡುಗಿದರೆ ತಕ್ಷಣ ಬಾಯಿಗೆ ಹಾಕಿ, ಆಮೇಲೆ ಏನಾದರೂ ಉಣ್ಣಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ದವಾಖಾನೆಗೆ ಒಯ್ಯಬೇಕು.

ಎರಡನೆಯದು ನಮ್ಮ ಸಂಘ. ಇಷ್ಟೆಲ್ಲ ಬರೆಯುವ ನಾವೇ ಪ್ರತಿ ಸಭೆಯಲ್ಲೂ ಸಕ್ಕರೆ ಚಹಾ, ಬಿಸ್ಕಿಟ್ ಹಂಚುತ್ತ ಬಂದೆವು. ಈಗ ಮಜ್ಜಿಗೆ, ಮಡಕಿ ಉಸಳಿ ಕೊಡುತ್ತಿದ್ದೇವೆ. ಮೊದಲ ಸಭೆಯಲ್ಲಿ ಗೊಣಗಿದರು; ಮೂರನೆಯ ಸಭೆಯಲ್ಲಿ ಉಸಳಿ ಸಾಲಲಿಲ್ಲ.

ಮೂರನೆಯದು ಕೇಳಬೇಕಾದವರ ಬಾಗಿಲು. 2013ರ ಆಹಾರ ಭದ್ರತೆ ಕಾನೂನಿನಲ್ಲಿ ಅಕ್ಕಿ ಗೋಧಿಯ ಜೊತೆ ಒರಟು ಧಾನ್ಯದ ಹೆಸರೂ ಇದೆ. ಅಂತ್ಯೋದಯ ಕಾರ್ಡಿಗೆ ತಿಂಗಳಿಗೆ ಒಂದು ಕಿಲೋ ಸಕ್ಕರೆಗೆ ಸಹಾಯಧನ ಕೊಡುತ್ತ ಬಂದ ಸರಕಾರ, ಪ್ರತಿ ತಿಂಗಳೂ ಜೋಳವನ್ನೋ ರಾಗಿಯನ್ನೋ, ಒಂದೆರಡು ಕಿಲೋ ಬೇಳೆಯನ್ನೋ ತಪ್ಪದೆ ಕೊಡಬಾರದೇಕೆ? ಕೆಲಸದ ನಡುವೆ ಕುಳಿತು ಉಣ್ಣಲು ಅರ್ಧ ಗಂಟೆ, ಹಂಗಾಮಿಗೆ ಎರಡು ಸಲ ಗುಡಾರಕ್ಕೇ ಬಂದು ರಕ್ತ ಪರೀಕ್ಷೆ: ಇವು ನಮ್ಮ ಮುಂದಿನ ಬೇಡಿಕೆಯ ಪಟ್ಟಿಯಲ್ಲಿವೆ. ನಿಮ್ಮ ತೋಟದ ಪಟ್ಟಿಯಲ್ಲೂ ಬರೆಯಿರಿ.

ಎಲ್ಲರೂ ಸಕ್ಕರೆ ಬಿಟ್ಟರೆ ಕಬ್ಬಿನ ಕೂಲಿ ಹೋಗದೇ ಎಂದು ನಮ್ಮಲ್ಲೇ ಕೆಲವರು ಕೇಳಿದರು. ಹೆದರಿಕೆ ಸಹಜ. ಆದರೆ ನಮ್ಮ ಕೂಲಿ ಏರಿದ್ದು ನಾವು ಸಕ್ಕರೆ ತಿಂದದ್ದರಿಂದಲ್ಲ, ಕೊಯ್ತಾ ಕೆಳಗಿಟ್ಟು ಒಟ್ಟಾಗಿ ನಿಂತದ್ದರಿಂದ.

ಕಾಕು ಈಗ ಗುಣವಾಗಿದ್ದಾಳೆ. ಡಾಕ್ಟರರು ಗುಳಿಗೆ ಕಡಿಮೆ ಮಾಡಿದ್ದಾರೆ. ಚಹಾಕ್ಕೆ ಸಕ್ಕರೆ ಹಾಕುವುದಿಲ್ಲ. ಎರಡು ರೊಟ್ಟಿ, ಒಂದು ಬಟ್ಟಲು ಕಾಳು, ಮೇಲೆ ಹಸಿ ಉಳ್ಳಾಗಡ್ಡಿ. ಆ ಚೀಟಿಯನ್ನು ಒಲೆ ಹೊತ್ತಿಸಲು ಬಳಸಿದಳಂತೆ.