ಪಾಸು ನೂರು ಕಿಲೋಮೀಟರಿಗೆ, ದವಾಖಾನಿ ಬೆಂಗಳೂರಿನಲ್ಲಿ

ಟಿ.ವಿ.ಯಲ್ಲಿ ‘ಹದಿನಾರು ಕೋಟಿಯ ಇಂಜೆಕ್ಷನ್’ ಎಂಬ ಸುದ್ದಿ ಬಂದಾಗಷ್ಟೇ ನಮಗೆ ಮಕ್ಕಳ ಅಪರೂಪದ ವಂಶವಾಹಿ ಕಾಯಿಲೆಗಳ ನೆನಪಾಗುತ್ತದೆ. ಮೊತ್ತ ಕೇಳಿದವರು ಕೈಚೆಲ್ಲುತ್ತಾರೆ. ದೇಣಿಗೆಯ ಫೋನ್‌ಪೇ ನಂಬರು ನಾಲ್ಕು ದಿನ ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿ ಸುಮ್ಮನಾಗುತ್ತದೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಕಡೆ ಸಂಸಾರವೊಂದು ಹಣ್ಣಾಗುವುದು ಈ ಕೋಟಿಯ ಮಾತು ಬರುವುದಕ್ಕೆ ಬಹಳ ಮೊದಲೇ.

ಗಂಡುಮಕ್ಕಳನ್ನು ಕಾಡುವ ಡುಶೆನ್ ಸ್ನಾಯುಕ್ಷಯವನ್ನೇ ನೋಡಿ. ಮೂರ್ನಾಲ್ಕು ವರ್ಷದ ಹುಡುಗ ಓಡುವಾಗ ಪದೇಪದೇ ಬೀಳುತ್ತಾನೆ, ತೊಡೆಯ ಮೇಲೆ ಕೈಯೂರಿ ಏಳುತ್ತಾನೆ. ಮೀನಖಂಡ ದಪ್ಪಗಿರುತ್ತದಾದ್ದರಿಂದ ‘ಹುಡುಗ ಗಟ್ಟಿ ಅದಾನ’ ಎನ್ನುತ್ತದೆ ಬಳಗ. ಟಾನಿಕ್ಕು, ಎಣ್ಣೆ ತಿಕ್ಕುವುದು, ಹರಕೆ ಎಲ್ಲ ಮುಗಿದ ಮೇಲೆ ತಾಲ್ಲೂಕು ಆಸ್ಪತ್ರೆ, ಆಮೇಲೆ ಹಾವೇರಿ, ಹುಬ್ಬಳ್ಳಿಯ ಕಿಮ್ಸ್, ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್. ಕಾಯಿಲೆಗೊಂದು ಹೆಸರು ಸಿಗುವ ಹೊತ್ತಿಗೆ ಒಂದೆರಡು ಹಂಗಾಮು ಕಳೆದಿರುತ್ತವೆ, ಸೊಸೈಟಿಯ ಸಾಲದ ಮೇಲೆ ಕೈಗಡ ಸೇರಿರುತ್ತದೆ. ಹತ್ತು-ಹನ್ನೆರಡರ ಹೊತ್ತಿಗೆ ಹುಡುಗ ಗಾಲಿಕುರ್ಚಿಗೆ ಬರುತ್ತಾನೆ. ಅವನನ್ನು ಎತ್ತಿ ಇಳಿಸಬೇಕಾದ ತಾಯಿಯ ಕೂಲಿ ಅಲ್ಲಿಗೆ ನಿಂತಿತು. ಈ ನಷ್ಟ ಯಾವ ಆಸ್ಪತ್ರೆಯ ಬಿಲ್ಲಿನಲ್ಲೂ ಬರುವುದಿಲ್ಲ. ಮೇಲಾಗಿ, ದೋಷ ತಾಯಿಯ ಕಡೆಯಿಂದ ಬಂದಿರಬಹುದೆಂದು ವೈದ್ಯರು ಹೇಳಿದ ದಿನದಿಂದ ಮನೆಯಲ್ಲಿ ಅವಳು ಕೇಳಬೇಕಾದ ಮಾತುಗಳು ಬೇರೆ.

ಹಾದಿಯ ಖರ್ಚಿನ ಲೆಕ್ಕ ಇನ್ನೂ ವಿಚಿತ್ರ. ‘ಶಕ್ತಿ’ ಯೋಜನೆಯಲ್ಲಿ ತಾಯಿಗೆ ಬಸ್ಸು ಪುಕ್ಕಟೆ. ಕಾಯಿಲೆ ಬಿದ್ದ ಮಗನಿಗೆ, ಗಂಡಾದ ಕಾರಣಕ್ಕೆ, ಟಿಕೆಟ್ಟು. ಅಂಗವಿಕಲರ ರಿಯಾಯಿತಿ ಪಾಸು ಇದೆಯಲ್ಲ ಎನ್ನಬಹುದು. ಅದು ನಡೆಯುವುದು ಊರಿನಿಂದ 100 ಕಿಲೋಮೀಟರಿನೊಳಗೆ. ಹಿರೇಕೆರೂರಿನವರಿಗೆ ಹುಬ್ಬಳ್ಳಿಯೇ ಆ ಗೆರೆಯಾಚೆ. ಅಪರೂಪದ ಕಾಯಿಲೆಗಳಿಗೆಂದು ಕೇಂದ್ರ ಗುರುತಿಸಿರುವ ಉತ್ಕೃಷ್ಟತಾ ಕೇಂದ್ರ ರಾಜ್ಯದಲ್ಲಿರುವುದು ಬೆಂಗಳೂರಿನಲ್ಲಿ: ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ. ಹಾನಗಲ್ಲಿಗೂ ಹಿರೇಕೆರೂರಿಗೂ ರೈಲೂ ಇಲ್ಲ.

ಇನ್ನು ಔಷಧಿ. ಬೆನ್ನುಹುರಿಯ ಸ್ನಾಯುಕ್ಷಯಕ್ಕೆ, ಅಂದರೆ ಎಸ್‌ಎಂಎಗೆ, ದಿನಾ ಬಾಯಿಗೆ ಹಾಕುವ ರಿಸ್ಡಿಪ್ಲಾಮ್ ಎಂಬ ಔಷಧವಿದೆ. ರೋಶ್ ಕಂಪನಿಯ ಒಂದು ಬಾಟಲಿಯ ಪಟ್ಟಿಬೆಲೆ ಸುಮಾರು 6 ಲಕ್ಷ ರೂಪಾಯಿ ಇತ್ತು. 2025ರ ಅಕ್ಟೋಬರ್‌ನಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ರೋಶ್‌ನ ಪೇಟೆಂಟ್ ತಕರಾರನ್ನು ತಳ್ಳಿಹಾಕಿತು, ಸುಪ್ರೀಂ ಕೋರ್ಟ್ ಕೂಡ ಕೈಹಾಕಲಿಲ್ಲ. ಹೈದರಾಬಾದಿನ ನ್ಯಾಟ್ಕೊ ಅದೇ ಔಷಧವನ್ನು 15,900 ರೂಪಾಯಿಗೆ ಮಾರುಕಟ್ಟೆಗೆ ತಂದಿತು.

20 ಕೆ.ಜಿ. ದಾಟಿದ ಮಗುವಿಗೆ ದಿನಕ್ಕೆ 5 ಮಿ.ಗ್ರಾಂ. ಬೇಕು. 60 ಮಿ.ಗ್ರಾಂ.ನ ಬಾಟಲಿ ಹನ್ನೆರಡು ದಿನಕ್ಕೆ ಖಾಲಿ, ವರ್ಷಕ್ಕೆ ಮೂವತ್ತು ಬಾಟಲಿ. ಹಳೆಯ ಪಟ್ಟಿಬೆಲೆಯಲ್ಲಿ 1.8 ಕೋಟಿ, ಈಗ 4.77 ಲಕ್ಷ. ಇದನ್ನು ನಮ್ಮ ಕಡೆಯ ಗೋವಿನಜೋಳದಲ್ಲಿ ಲೆಕ್ಕ ಹಾಕೋಣ. 2,400 ರೂಪಾಯಿಯ ಬೆಂಬಲ ಬೆಲೆ (ಅದು ಕೈಗೆ ಸಿಕ್ಕರೆ!) ಹಿಡಿದರೂ 200 ಕ್ವಿಂಟಲ್ ಆಗುತ್ತದೆ. ಎಕರೆಗೆ ಇಪ್ಪತ್ತರಂತೆ ಬಂದರೆ ಹತ್ತೆಕರೆಯ ಇಡೀ ಪೀಕು. ಬೀಜ-ಗೊಬ್ಬರ, ಆಳು ಕಳೆಯುವ ಮೊದಲು. ಎರಡು-ಮೂರು ಎಕರೆಯ ಒಕ್ಕಲಿಗೆ ಇದೂ ಎಟುಕದ್ದೇ. ಆದರೆ ಸರ್ಕಾರಕ್ಕೆ ಎಟುಕುತ್ತದೆ.

ನಾನು ಹೇಳಬೇಕಾದದ್ದು ಇಲ್ಲೇ ಇದೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯ ಪ್ರಕಾರ ಒಬ್ಬ ರೋಗಿಗೆ ಸಿಗುವ ನೆರವಿನ ಮಿತಿ 50 ಲಕ್ಷ. 2022ರಲ್ಲಿ ಅದನ್ನು 20ರಿಂದ ಅಷ್ಟಕ್ಕೆ ಏರಿಸಿದರು. ಹಳೆಯ ಪಟ್ಟಿಬೆಲೆಯಲ್ಲಿ ಅದು ನೂರು ದಿನದ ಔಷಧಿ. ಹೊಸ ಬೆಲೆಯಲ್ಲಿ ಹತ್ತು ವರ್ಷದ್ದು. ದೇಣಿಗೆ ಪೆಟ್ಟಿಗೆಗಳು ಮಾಡಲಾಗದ್ದನ್ನು ಒಂದು ಪೇಟೆಂಟ್ ತೀರ್ಪು ಮಾಡಿತು. ಗೋಶೆ ಕಾಯಿಲೆಯಂಥವಕ್ಕೆ ಜೀವನಪೂರ್ತಿ ಕೊಡಬೇಕಾದ ಕಿಣ್ವ ಚಿಕಿತ್ಸೆಯ ಪ್ರಮಾಣ ಮಗುವಿನ ತೂಕದೊಂದಿಗೆ ಏರುತ್ತದೆ. ಮಗು ಬೆಳೆದಂತೆ ಖರ್ಚು ಬೆಳೆಯುತ್ತದೆ, ಮಿತಿ ಮಾತ್ರ ಬೆಳೆಯುವುದಿಲ್ಲ. ದುಡ್ಡು ಮುಗಿದ ದಿನ ಮಗುವಿನ ತಂದೆ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ನೀತಿಯಲ್ಲಿ ಉತ್ತರವಿಲ್ಲ. ಅಲ್ಲೂ ದೇಶಿ ತಯಾರಿಕೆ, ಬೆಲೆಯ ಚೌಕಾಸಿ, ಒಟ್ಟು ಖರೀದಿಯ ಹಾದಿಯನ್ನೇ ಹಿಡಿಯಬೇಕು. ಕೇರಳ ಅಪರೂಪದ ಕಾಯಿಲೆಗಳಿಗೆಂದೇ ‘ಕೇರ್’ ಎಂಬ ಯೋಜನೆಯನ್ನು ತಂದಿದೆ.

ಕರ್ನಾಟಕ ಏನೂ ಮಾಡಿಲ್ಲವೆಂದಲ್ಲ. ಸ್ನಾಯುಕ್ಷಯದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಭತ್ಯೆಯನ್ನು 2024-25ರ ಬಜೆಟ್‌ನಲ್ಲಿ ಘೋಷಿಸಲಾಯಿತು. ಒಳ್ಳೆಯದೇ. ಆದರೆ ಮೆಣಸಿನಕಾಯಿ ಬಿಡಿಸಲು ಹೋದ ಹೆಣ್ಣಾಳು ಕೆಲವೇ ದಿನದಲ್ಲಿ ಅಷ್ಟು ದುಡಿಯುತ್ತಾಳೆ.

ಬೆಂಗಳೂರಿನ ತಜ್ಞರು ತಿಂಗಳಿಗೊಮ್ಮೆ ಕಿಮ್ಸ್‌ನಲ್ಲಿ ಕೂರಲಿ, ಔಷಧಿ ಹಾವೇರಿ ಜಿಲ್ಲಾಸ್ಪತ್ರೆಯಲ್ಲೇ ಸಿಗಲಿ, ಚಿಕಿತ್ಸೆಗೆ ಹೊರಟವರ ಪಾಸಿಗೆ ನೂರು ಕಿಲೋಮೀಟರಿನ ಗೆರೆ ಬೇಡ. ಮೂರನೆಯದಕ್ಕೆ ಸಾರಿಗೆ ಇಲಾಖೆಯ ಒಂದು ಆದೇಶ ಸಾಕು. 50 ಲಕ್ಷದ ಮಿತಿ ದೆಹಲಿಯ ವಿಷಯ. ಶಿಗ್ಗಾವಿಯ ಶಾಸಕರಾಗಿ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿಯವರು 2024ರಿಂದ ಹಾವೇರಿಯ ಸಂಸದರು; ಲೋಕಸಭೆಯಲ್ಲಿ ಅವರು ಕೇಳಬಹುದಾದ ಪ್ರಶ್ನೆ ಇದು.